ಅಡ್ಡ ಬಂದವರ ಉಪಕಾರ

ನಮ್ಮ ಕಡೆಯ ಮದುವೆಗಳಲ್ಲಿ ಧಾರೆಯನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಮುಹೂರ್ತದ ಹೊತ್ತಿಗೆ ಸರಿಯಾಗಿ ವಿಡಿಯೋದವನು, ಅವನಿಗೆ ಲೈಟು ಹಿಡಿಯುವ ಹುಡುಗ, ಫೋಟೋದವನು, ಜೊತೆಗೆ ಮೊಬೈಲ್ ಎತ್ತಿ ಹಿಡಿದ ಸೋದರತ್ತೆಯರ ದಂಡು ಎಲ್ಲರೂ ಸೇರಿ ಮಂಟಪದ ಮುಂದೆ ಗೋಡೆ ಕಟ್ಟಿಬಿಡುತ್ತಾರೆ. ಕೆಳಗೆ ಕುರ್ಚಿಯಲ್ಲಿ ಕೂತ ನಾವು ಗಟ್ಟಿಮೇಳ ಕೇಳಿಸಿದ ದಿಕ್ಕಿಗೆ ಅಕ್ಷತೆ ಎಸೆಯುತ್ತೇವೆ. ಅದು ನೇರ ಹೋಗಿ ವಿಡಿಯೋದವನ ಬೆನ್ನಿಗೆ ಬೀಳುತ್ತದೆ. ಲೆಕ್ಕ ಹಾಕಿದರೆ ಈ ನಾಡಿನಲ್ಲಿ ಅತಿ ಹೆಚ್ಚು ಹಿರಿಯರ ಆಶೀರ್ವಾದ ಪಡೆದ ಜೀವ ಅವನೇ ಇರಬೇಕು.

ಅಡ್ಡ ಬರುವವರ ಮೇಲೆ ನಮಗಿರುವ ಸಿಟ್ಟು ಇಂದಿನದಲ್ಲ. ಬೆಕ್ಕು ಅಡ್ಡ ಬಂದರೆ ಎರಡು ಹೆಜ್ಜೆ ಹಿಂದಕ್ಕೆ ಬಂದು ಒಂದು ಗುಟುಕು ನೀರು ಕುಡಿದು ಹೊರಡುವ ವಂಶ ನಮ್ಮದು. ನಾವು ಮನೆ ಕಟ್ಟಿದಾಗ ತಾರಸಿಯಿಂದ ಒಂದು ಗುಡ್ಡ ಕಾಣುತ್ತಿತ್ತು. ಈಗ ಅಡ್ಡಕ್ಕೆ ಎಂಟು ಅಂತಸ್ತಿನ ಅಪಾರ್ಟ್‌ಮೆಂಟು ಎದ್ದಿದೆ, ಅದರ ಹೆಸರಿನಲ್ಲಿ ಮಾತ್ರ 'ಹಿಲ್ ವ್ಯೂ' ಉಳಿದಿದೆ. ಹೀಗಿರುವಾಗ, ಯಾರಾದರೂ ಬಂದು ಅಡ್ಡ ನಿಲ್ಲಲಿ ಎಂದೇ ಹಾರೈಸಿ, ಪೆಟ್ಟಿಗೆ ಹೊತ್ತು, ವಿಮಾನ ಹತ್ತಿ, ಭೂಮಿಯ ಇನ್ನೊಂದು ತುದಿಗೆ ಹೋಗಿ ಚಳಿಯಲ್ಲಿ ಕಾಯುವ ಜನ ಇದ್ದಾರೆ ಎಂದು ತಿಳಿದಾಗ ನನಗೆ ಮೊದಲು ನಂಬಿಕೆ ಬರಲಿಲ್ಲ.

ತಿಳಿಸಿದವನು ನನ್ನ ಅಕ್ಕನ ಮಗ. ಸಾಫ್ಟ್‌ವೇರ್ ಕೆಲಸ, ಮದುವೆಯ ವಯಸ್ಸು. ಆದರೆ ಕಾರು ಕೊಳ್ಳುವ ದುಡ್ಡಿನಲ್ಲಿ ದೂರದರ್ಶಕ ಕೊಂಡಿದ್ದಾನೆ. ಹೆಣ್ಣಿನ ಕಡೆಯವರು ಮನೆಗೆ ಬಂದಾಗ ಆ ಕೊಳವೆಯನ್ನು ಎಲ್ಲಿ ಬಚ್ಚಿಡುವುದು ಎಂಬುದೇ ಅಕ್ಕನ ಚಿಂತೆ. ಅವನು ಒಂದು ದಿನ ಫೋನು ಮಾಡಿ, "ಮಾವ, ನಾಳಿದ್ದು ರಾತ್ರಿ ಒಂದು ನಕ್ಷತ್ರ ನಾಲ್ಕೈದು ಸೆಕೆಂಡು ಆರಿಹೋಗುತ್ತೆ. ನಿಮ್ಮ ತಾರಸಿ ಕೊಡ್ತೀರಾ?" ಎಂದ.

"ಅಯ್ಯೋ, ನಕ್ಷತ್ರಕ್ಕೆ ಏನಾಯ್ತೋ?"

"ಅದಕ್ಕೇನೂ ಆಗಲ್ಲ. ಮಧ್ಯೆ ಒಂದು ಕಲ್ಲು ಹಾದುಹೋಗುತ್ತೆ, ಅಷ್ಟೇ."

ಆ ಕಲ್ಲು ಒಂದು ಕ್ಷುದ್ರಗ್ರಹ. ಸೂರ್ಯನ ಸುತ್ತ ತನ್ನ ಪಾಡಿಗೆ ತಾನು ತಿರುಗುವಾಗ ಅಪರೂಪಕ್ಕೆ ಅದು ಯಾವುದೋ ದೂರದ ನಕ್ಷತ್ರಕ್ಕೂ ನಮಗೂ ನಡುವೆ ಸರಿಯಾಗಿ ಬಂದುಬಿಡುತ್ತದೆ. ನಕ್ಷತ್ರ ಎಷ್ಟು ದೂರವೆಂದರೆ ಅದರ ಕಿರಣಗಳು ನಮ್ಮನ್ನು ಮುಟ್ಟುವ ಹೊತ್ತಿಗೆ ಒಂದಕ್ಕೊಂದು ಸಮಾನಾಂತರವಾಗಿಯೇ ಬರುತ್ತವೆ. ಹಾಗಾಗಿ ನೂರು ಕಿಲೋಮೀಟರ್ ಅಗಲದ ಕಲ್ಲಿಗೆ ಭೂಮಿಯ ಮೇಲೆ ಬೀಳುವ ನೆರಳೂ ನೂರು ಕಿಲೋಮೀಟರ್ ಅಗಲದ್ದೇ. ಕಲ್ಲು ಎಷ್ಟೇ ಆಚೆ ಇರಲಿ, ನೆರಳು ಹಿಗ್ಗುವುದಿಲ್ಲ, ಕುಗ್ಗುವುದೂ ಇಲ್ಲ. ನಕ್ಷತ್ರದ ಬೆಳಕಿನ ಆ ನೆರಳು ಸೆಕೆಂಡಿಗೆ ಹತ್ತಿಪ್ಪತ್ತು ಕಿಲೋಮೀಟರ್ ವೇಗದಲ್ಲಿ ಊರು, ಕೆರೆ, ಹೆದ್ದಾರಿ ಏನನ್ನೂ ಲೆಕ್ಕಿಸದೆ ಓಡುತ್ತದೆ. ಅದರ ದಾರಿಯಲ್ಲಿ ನಿಂತವರಿಗೆ ನಕ್ಷತ್ರ ಪಕ್ಕನೆ ಮಾಯವಾಗಿ ಮತ್ತೆ ಬರುತ್ತದೆ. ಎಷ್ಟು ಸೆಕೆಂಡು ಮಾಯವಾಗಿತ್ತು ಎಂಬುದನ್ನು ನೆರಳಿನ ವೇಗದಿಂದ ಗುಣಿಸಿದರೆ ಕಲ್ಲಿನ ಮೇಲೆ ಒಂದು ಗೆರೆ ಎಳೆದಷ್ಟು ಅಳತೆ ಸಿಕ್ಕಿತು. ಬೇರೆ ಬೇರೆ ಊರುಗಳಲ್ಲಿ ನಿಂತವರು ಒಬ್ಬೊಬ್ಬರು ಒಂದೊಂದು ಗೆರೆ ತಂದರೆ ಕಲ್ಲಿನ ಆಕಾರವೇ ಕೈಗೆ ಬಂತು. ಎಷ್ಟೇ ದೊಡ್ಡ ದೂರದರ್ಶಕದಲ್ಲಿ ಇಣುಕಿದರೂ ಬರೀ ಚುಕ್ಕೆಯಾಗಿ ಕಾಣುವ ವಸ್ತುವಿನ ಉದ್ದಗಲವನ್ನು ತಾರಸಿಯ ಮೇಲಿನ ಒಬ್ಬ ಹುಡುಗ ಗಡಿಯಾರ ನೋಡಿ ಹೇಳಬಹುದು. ನನಗೆ ಕುತೂಹಲ ಹುಟ್ಟಿದ್ದೇ ಇಲ್ಲಿ. ಕಲ್ಲನ್ನು ಯಾರೂ ನೋಡುವುದಿಲ್ಲ. ಅದು ಯಾವುದನ್ನು ನೋಡಗೊಡಲಿಲ್ಲವೋ ಅದನ್ನು ಬರೆದುಕೊಳ್ಳುತ್ತಾರೆ.

ಆ ರಾತ್ರಿ ಅವನು ಬಂದ. ತಂತಿಗಳು, ಲ್ಯಾಪ್‌ಟಾಪು, ಸೆಕೆಂಡಿನ ಸಾವಿರದ ಒಂದು ಪಾಲನ್ನೂ ತಪ್ಪದೆ ಹೇಳುವ ಜಿಪಿಎಸ್ ಗಡಿಯಾರ, ಮುಚ್ಚಳವಿಲ್ಲದ ಒಂದು ಫ್ಲಾಸ್ಕು. ನನ್ನಾಕೆ ಒಣಹಾಕಿದ್ದ ಸಂಡಿಗೆಯ ಪ್ಲಾಸ್ಟಿಕ್ ಹಾಳೆಯನ್ನು ಸರಿಸಿ ಜಾಗ ಮಾಡಿಕೊಟ್ಟಳು. ಪಕ್ಕದ ಮನೆಯಾಕೆ ಬಟ್ಟೆ ತೆಗೆಯಲು ಬಂದವರು ಕಾಂಪೌಂಡಿನಾಚೆಯಿಂದಲೇ ಕೇಳಿದರು: "ಏನ್ ಸಾರ್, ಗ್ರಹಣವಾ?"

"ಒಂಥರಾ ಗ್ರಹಣವೇ ಆಂಟಿ," ಎಂದ ಹುಡುಗ, ತಂತಿ ಜೋಡಿಸುತ್ತ.

"ಯಾವ ರಾಶಿಗೆ ದೋಷ? ಪೇಪರಲ್ಲಿ ಏನೂ ಹಾಕಿಲ್ವಲ್ಲಪ್ಪ."

ಇವನು ದೋಷವಿಲ್ಲ, ಕಣ್ಣಿಗೂ ಕಾಣುವುದಿಲ್ಲ, ನಾಲ್ಕೇ ಸೆಕೆಂಡು ಎಂದ. ಆಕೆ ಸ್ವಲ್ಪ ಯೋಚಿಸಿ, ಯಾವುದಕ್ಕೂ ಇರಲಿ ಎಂದು ಹಾಲಿನ ಪಾತ್ರೆಗೆ ಎರಡೆಳೆ ದರ್ಭೆ ಹಾಕುತ್ತೇನೆ ಎಂದು ಒಳಗೆ ಹೋದರು. ನಾಲ್ಕು ಸೆಕೆಂಡಿನ ಸೂತಕಕ್ಕೆ ಸ್ನಾನ ಎಷ್ಟು ಹೊತ್ತು ಮಾಡಬೇಕು ಎಂದು ಧರ್ಮಶಾಸ್ತ್ರದವರು ಯಾರಾದರೂ ಹೇಳಬೇಕು.

ಹೊತ್ತು ಬಂತು. ಪರದೆಯ ಮೇಲೆ ಹತ್ತಾರು ಬಿಳಿ ಚುಕ್ಕೆ, ನಡುವಿನದು ನಮ್ಮದು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಚುಕ್ಕೆ ಸ್ವಲ್ಪ ನಡುಗಿತು, ಅದು ಗಾಳಿಗೆ ಎಂದ. ಮತ್ತೆ ನಡುಗಿತು, ಅದೂ ಗಾಳಿಗೆ ಎಂದ. ಆಮೇಲೆ ಗಡಿಯಾರ ನೋಡಿ, "ಮುಗೀತು ಮಾವ, ನಮಗೆ ನೆರಳು ಬೀಳಲಿಲ್ಲ," ಎಂದು ಲ್ಯಾಪ್‌ಟಾಪಿನಲ್ಲಿ ಏನೋ ಟೈಪ್ ಮಾಡತೊಡಗಿದ. ಏನು ಬರೆಯುತ್ತಿದ್ದೀಯ ಎಂದರೆ, 'ಏನೂ ಆಗಲಿಲ್ಲ' ಎಂದು ವರದಿ ಬರೆಯುತ್ತಿದ್ದೇನೆ ಎಂದ. ನಾನು ಸರ್ಕಾರಿ ನೌಕರಿಯಲ್ಲಿ ಬಹಳ ವರ್ಷ ಕಳೆದವನು. ಏನೂ ಆಗದಿರುವುದು ಅಲ್ಲಿ ನಿತ್ಯದ ಸಂಗತಿ. ಆದರೆ ಏನೂ ಆಗಲಿಲ್ಲವೆಂದು ಸಮಯ, ಅಕ್ಷಾಂಶ, ರೇಖಾಂಶ ಸಮೇತ ಬರೆದು ಕಳಿಸಿದವರನ್ನು ಕಂಡಿರಲಿಲ್ಲ.

"ಇದಕ್ಕೂ ಬೆಲೆ ಇದೆ ಮಾವ. ನಮ್ಮ ಮನೆಗೆ ಬೀಳಲಿಲ್ಲ ಅಂದ್ರೆ ನೆರಳಿನ ಅಂಚು ಇಲ್ಲಿಂದ ಆಚೆಗೇ ಇತ್ತು ಅಂತ ಆಯ್ತಲ್ಲ," ಎಂದು ಹೇಳಿ, ನನ್ನ ಮುಖದ ಮೇಲಿನ ನಿದ್ದೆಯನ್ನು ನೋಡಿ ಕರುಣೆ ಬಂದವನಂತೆ, ಫ್ಲಾಸ್ಕಿನ ತಣ್ಣಗಾದ ಕಾಫಿ ಬಗ್ಗಿಸಿ ಕೊಟ್ಟು ಪ್ಯಾಟಗೋನಿಯಾದ ಕಥೆ ಹೇಳಿದ. ಆ ಕಥೆಯನ್ನು ಆಮೇಲೆ ನಾನೂ ಓದಿ ನೋಡಿದ್ದೇನೆ. ಹುಡುಗ ಒಗ್ಗರಣೆ ಹಾಕಿರಲಿಲ್ಲ.

ನ್ಯೂ ಹೊರೈಜನ್ಸ್ ಎಂಬ ನೌಕೆ 2015ರ ಜುಲೈನಲ್ಲಿ ಪ್ಲೂಟೋವನ್ನು ದಾಟಿ ಮುಂದಕ್ಕೆ ಹೊರಟಿತ್ತು. ಅದರ ಮುಂದಿನ ನಿಲ್ದಾಣ ಸೂರ್ಯನಿಂದ ಸುಮಾರು 650 ಕೋಟಿ ಕಿಲೋಮೀಟರ್ ದೂರದ ಒಂದು ಹಿಮಗಲ್ಲು. 2014ರಲ್ಲಿ ಹಬಲ್ ದೂರದರ್ಶಕ ಕಂಡುಹಿಡಿದದ್ದು. ಆಗ ಅದಕ್ಕೆ ಹೆಸರಿರಲಿಲ್ಲ, ನಂಬರು ಮಾತ್ರ. ಹಬಲ್‌ಗೂ ಅದು ಮಸುಕು ಚುಕ್ಕೆ. ಅಂಥದರ ಹತ್ತಿರಕ್ಕೆ ನೌಕೆ ಕಳಿಸುವ ಮೊದಲು ಅದರ ಗಾತ್ರ, ಆಕಾರ, ಸುತ್ತಮುತ್ತ ಪುಡಿಗಲ್ಲು ಇದೆಯೇ ಎಂದು ವಿಚಾರಿಸಬೇಡವೇ? ಹೆಣ್ಣು ಕೊಡುವವರೂ ಅಷ್ಟು ವಿಚಾರಿಸುತ್ತಾರೆ. ಅದೃಷ್ಟಕ್ಕೆ 2017ರಲ್ಲಿ ಆ ಕಲ್ಲು ಮೂರು ಬಾರಿ ಮೂರು ನಕ್ಷತ್ರಗಳಿಗೆ ಅಡ್ಡ ಬರುವುದಿತ್ತು. ಜೂನ್ 3ರಂದು ದಕ್ಷಿಣ ಆಫ್ರಿಕಾ ಮತ್ತು ಅರ್ಜೆಂಟೀನಾಗಳಲ್ಲಿ ದೂರದರ್ಶಕಗಳ ಸಾಲನ್ನೇ ನಿಲ್ಲಿಸಿದರು. ಯಾರಿಗೂ ನೆರಳು ಸಿಗಲಿಲ್ಲ. ಜುಲೈ 10ರಂದು ಬೋಯಿಂಗ್ 747 ವಿಮಾನದ ಹೊಟ್ಟೆಯಲ್ಲಿ ಎರಡೂವರೆ ಮೀಟರ್ ದೂರದರ್ಶಕ ಕೂರಿಸಿದ ಸೋಫಿಯಾ ಎಂಬ ಹಾರುವ ವೀಕ್ಷಣಾಲಯ ಪೆಸಿಫಿಕ್ ಸಾಗರದ ಮೇಲೆ ಹೋಗಿ ಕಾಯಿತು. ಅಲ್ಲೂ ಮೊದಲಿಗೆ ಕೈಗೆ ಏನೂ ಹತ್ತಲಿಲ್ಲ.

ಉಳಿದದ್ದು ಜುಲೈ 17. ಅರ್ಜೆಂಟೀನಾದ ತೆಂಕಣ ತುದಿಯ ಪ್ಯಾಟಗೋನಿಯಾದಲ್ಲಿ ಕೊಮೊದೊರೊ ರಿವಾದಾವಿಯಾ ಎಂಬ ಊರು. ಜುಲೈ ಅಲ್ಲಿ ನಡುಚಳಿಗಾಲ, ಮತ್ತು ಗಾಳಿಗೆ ಆ ಸೀಮೆ ಹೆಸರುವಾಸಿ. ಮಾರ್ಕ್ ಬ್ಯೂಯಿ ಎಂಬ ವಿಜ್ಞಾನಿಯ ಮುಂದಾಳತ್ವದಲ್ಲಿ ಎರಡು ಡಜನ್ ದೂರದರ್ಶಕಗಳನ್ನು ನೆರಳಿನ ದಾರಿಗೆ ಅಡ್ಡಲಾಗಿ ಬೇಲಿಯಂತೆ ಹೂಡಿದರು. ಗಾಳಿಗೆ ಕೊಳವೆಗಳು ಓಲಾಡಿದರೆ ಕೆಲಸ ಕೆಟ್ಟಿತಲ್ಲ. ಅದಕ್ಕೆ ಊರಿನವರು ಲಾರಿಗಳನ್ನು ತಂದು ದೂರದರ್ಶಕಗಳ ಪಕ್ಕಕ್ಕೆ ಅಡ್ಡ ನಿಲ್ಲಿಸಿದರು. ಕಲ್ಲು ನಕ್ಷತ್ರಕ್ಕೆ ಅಡ್ಡ, ಬೇಲಿ ನೆರಳಿಗೆ ಅಡ್ಡ, ಲಾರಿ ಗಾಳಿಗೆ ಅಡ್ಡ. ಸಾಲದ್ದಕ್ಕೆ ಬೀದಿದೀಪ ಆರಿಸಿದರು. ವಾಹನಗಳ ಹೆಡ್‌ಲೈಟು ಕಣ್ಣಿಗೆ ಹೊಡೆಯದಿರಲಿ ಎಂದು ಅಲ್ಲಿಯ ಮುಖ್ಯ ಹೆದ್ದಾರಿಯನ್ನೇ ಎರಡು ಗಂಟೆ ಬಂದ್ ಮಾಡಿದರು.

ಬೆಂಗಳೂರಿನಲ್ಲಿ ಬದುಕುವ ನಮಗೆ ರಸ್ತೆ ಬಂದ್ ಹೊಸದಲ್ಲ. ಗಣ್ಯರು ಬರುತ್ತಾರೆಂದು ನಮ್ಮನ್ನು ಸಿಗ್ನಲ್ಲಿನಲ್ಲಿ ನಿಲ್ಲಿಸಿ ಮುಕ್ಕಾಲು ಗಂಟೆ ಬಿಸಿಲು ತಿನ್ನಿಸಿದ ಮೇಲೆ ಆ ಗಣ್ಯರು ಬೇರೆ ದಾರಿಯಲ್ಲಿ ಹೋದರೆಂದು ತಿಳಿಯುವುದುಂಟು. ಪ್ಯಾಟಗೋನಿಯಾದ ಗಣ್ಯ ಹಾಗೆ ಮಾಡಲಿಲ್ಲ. ಹೇಳಿದ ಹೊತ್ತಿಗೆ, ಹೇಳಿದ ದಾರಿಯಲ್ಲೇ ಬಂದ. ಒಂದೆರಡು ಸೆಕೆಂಡೂ ಹಿಡಿಯದೆ ದಾಟಿಹೋದ. ಎರಡು ಡಜನ್ ದೂರದರ್ಶಕಗಳಲ್ಲಿ ಐದಕ್ಕೆ ನಕ್ಷತ್ರ ಆರಿದ್ದು ಸಿಕ್ಕಿತು. ಐದು ಗೆರೆ ಜೋಡಿಸಿ ನೋಡಿದರೆ ಕಲ್ಲು ಉಂಡೆಯಾಗಿರಲಿಲ್ಲ. ಎರಡು ಗುಂಡುಗಳು ಅಂಟಿಕೊಂಡಂತೆಯೋ, ಅಥವಾ ಎರಡು ಕಲ್ಲು ತೀರ ಹತ್ತಿರ ಸುತ್ತುತ್ತಿರುವಂತೆಯೋ ಇತ್ತು. 2019ರ ಜನವರಿ 1ರಂದು ನೌಕೆ ಹತ್ತಿರ ಹೋಗಿ ಫೋಟೋ ತೆಗೆದಾಗ ಆಕಾರ ಅದೇ: ಅಂಟಿಕೊಂಡ ಎರಡು ಗುಂಡು, ಉದ್ದ 36 ಕಿಲೋಮೀಟರ್. ಅದಕ್ಕೆ ಈಗ ಅರೋಕೋತ್ ಎಂದು ಹೆಸರು.

ಆ ಐವರಿಗಿಂತ ನನಗೆ ಮೆಚ್ಚುಗೆ ಉಳಿದವರ ಮೇಲೆ. ಅಷ್ಟು ದೂರ ಹೋಗಿ, ಲಾರಿಯ ಮರೆಯಲ್ಲಿ ನಡುಗುತ್ತ ನಿಂತು, ನಕ್ಷತ್ರ ಮಿಟುಕದೆ ಉರಿಯುವುದನ್ನು ನೋಡಿ ಬಂದವರು. ಅವರು ಅಲ್ಲಿ ಇರದಿದ್ದರೆ ಕಲ್ಲು ಎಲ್ಲಿಗೆ ಮುಗಿಯಿತೆಂದು ಹೇಳುವವರಿರಲಿಲ್ಲ. ನಮ್ಮ ತಾರಸಿಯ ಹುಡುಗನ 'ಏನೂ ಆಗಲಿಲ್ಲ' ವರದಿಯ ಮೇಲೆ ನನಗೆ ಗೌರವ ಬಂದದ್ದು ಇದನ್ನು ಓದಿದ ಮೇಲೆ.

ಆದರೆ ಅಡ್ಡ ಬಂದದ್ದನ್ನು ನೋಡಲು ಹೋಗಿ, ಅಡ್ಡ ಬರಬಾರದ ಹೊತ್ತಿನಲ್ಲಿ ಬಂದದ್ದನ್ನು ಕಂಡವರ ಕಥೆ ಇದಕ್ಕಿಂತ ಸೊಗಸು. ಅದರಲ್ಲಿ ನಮ್ಮ ಪಾಲೂ ಇದೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡುವುದಿತ್ತು. ನಕ್ಷತ್ರಕ್ಕೆ ಹೆಸರಿಲ್ಲ, ಎಸ್‌ಎಒ 158687 ಎಂಬ ಪಟ್ಟಿ ಸಂಖ್ಯೆ. ನೆರಳು ಬೀಳುವುದು ಹಿಂದೂ ಮಹಾಸಾಗರದ ದಕ್ಷಿಣಕ್ಕೆ. ಅಮೆರಿಕದ ಜೇಮ್ಸ್ ಎಲಿಯಟ್, ಎಡ್ವರ್ಡ್ ಡನ್‌ಹ್ಯಾಮ್, ಡಗ್ಲಾಸ್ ಮಿಂಕ್ ಎಂಬ ಮೂವರು ಕೈಪರ್ ವೀಕ್ಷಣಾಲಯವೆಂಬ ವಿಮಾನದಲ್ಲಿ ಸಾಗರದ ಮೇಲೆ ಹಾರುತ್ತಿದ್ದರು. ಅದರೊಳಗೆ 91 ಸೆಂಟಿಮೀಟರಿನ ದೂರದರ್ಶಕ. ಮರೆಯಾಗುವ ಸಮಯದ ಲೆಕ್ಕ ಆ ಕಾಲಕ್ಕೆ ಅಷ್ಟು ಕರಾರುವಾಕ್ಕಾಗಿರಲಿಲ್ಲ. ಯಾವುದಕ್ಕೂ ಇರಲಿ ಎಂದು ಉಪಕರಣವನ್ನು ಬಹಳ ಮುಂಚೆಯೇ ಚಾಲೂ ಮಾಡಿ ಕೂತರು. ನಮ್ಮ ರೈಲ್ವೆ ಸ್ಟೇಷನ್ನಿನಲ್ಲಿ ಎರಡು ಗಂಟೆ ಮೊದಲೇ ಟ್ರಂಕಿನ ಮೇಲೆ ಕೂರುವ ಅಜ್ಜಂದಿರ ಈ ಬುದ್ಧಿಯನ್ನು ಜಗತ್ತು ಸುಮ್ಮನೆ ಗೇಲಿ ಮಾಡುತ್ತದೆ. ಗ್ರಹ ಬರಲು ಇನ್ನೂ ಅರ್ಧ ಗಂಟೆಗೂ ಮೇಲಿರುವಾಗಲೇ ಉರುಳುವ ಕಾಗದದ ಮೇಲೆ ನಕ್ಷತ್ರದ ಬೆಳಕು ಬರೆಯುತ್ತಿದ್ದ ಪೆನ್ನು ತಟ್ಟನೆ ಕೆಳಗಿಳಿದು ಮೇಲೆದ್ದಿತು.

ಮೋಡವೇ? ದೂರದರ್ಶಕ ಅಲುಗಿತೇ? ಸ್ವಲ್ಪ ಹೊತ್ತಿಗೆ ಮತ್ತೊಂದು ಇಳಿತ. ಮತ್ತೊಂದು. ಒಟ್ಟು ಐದು. ಸಣ್ಣ ಚಂದ್ರಗಳಿರಬೇಕು ಎಂದುಕೊಂಡರು. ಆಮೇಲೆ ಯುರೇನಸ್ ಬಂತು, ನಕ್ಷತ್ರವನ್ನು ನುಂಗಿತು, ಉಗುಳಿತು. ಊರಿಗೆ ಮರಳಿ ಕಾಗದದ ಸುರುಳಿ ಬಿಡಿಸಿ, ಗ್ರಹಕ್ಕೆ ಮುಂಚಿನ ಇಳಿತಗಳನ್ನೂ ಆಮೇಲಿನ ಇಳಿತಗಳನ್ನೂ ಒಂದರ ಪಕ್ಕ ಒಂದಿಟ್ಟರೆ, ಎಡಕ್ಕೆ ಎಷ್ಟು ದೂರವೋ ಬಲಕ್ಕೂ ಅಷ್ಟೇ ದೂರದಲ್ಲಿ ಜೋಡಿ ಜೋಡಿಯಾಗಿ ಕೂತಿವೆ. ಚಂದ್ರಗಳು ಹೀಗೆ ಕವಾಯತು ನಿಲ್ಲುವುದಿಲ್ಲ. ಅವು ಬಳೆಗಳು. 1781ರಿಂದ ಜನ ಯುರೇನಸ್ಸನ್ನು ನೋಡುತ್ತಲೇ ಇದ್ದರು. ಅದರ ಕೈಯಲ್ಲಿ ಬಳೆ ಇರುವುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಳೆಗಳಲ್ಲಿ ಬಹುಪಾಲು ಕೆಲವೇ ಕಿಲೋಮೀಟರ್ ಅಗಲ, ಬಣ್ಣ ಇದ್ದಿಲಿನಷ್ಟು ಕಪ್ಪು, ದೂರ ಸುಮಾರು 290 ಕೋಟಿ ಕಿಲೋಮೀಟರ್.

ಅದೇ ರಾತ್ರಿ ಕಾವಲೂರಿನಲ್ಲೂ ದೂರದರ್ಶಕ ಯುರೇನಸ್ಸಿನ ಕಡೆ ತಿರುಗಿತ್ತು. ಕಾವಲೂರು ತಮಿಳುನಾಡಿನಲ್ಲಿದೆ, ಶ್ರೀಗಂಧಕ್ಕೆ ಹೆಸರಾದ ಜವ್ವಾದಿ ಬೆಟ್ಟಸಾಲಿನ ನಡುವೆ. ಆದರೆ ಅಲ್ಲಿಯ ವೀಕ್ಷಣಾಲಯ ನಡೆಸುವುದು ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ಜಾಗ ಆರಿಸಿದವರು ಖಗೋಳವಿಜ್ಞಾನಿ ವೈನು ಬಪ್ಪು. 1972ರಲ್ಲಿ ಒಂದು ಮೀಟರಿನ ದೂರದರ್ಶಕ ಅಲ್ಲಿಗೆ ಬಂದ ವರ್ಷವೇ ಗುರುವಿನ ಉಪಗ್ರಹ ಗ್ಯಾನಿಮೀಡ್ ಒಂದು ನಕ್ಷತ್ರವನ್ನು ಮರೆಮಾಡಿದ್ದನ್ನು ಅಲ್ಲಿಂದ ನೋಡಿದ್ದರು. ಅಂದರೆ ಅಡ್ಡ ಬರುವವರನ್ನು ಕಾಯುವುದು ಕಾವಲೂರಿಗೆ ಹುಟ್ಟಿನಿಂದಲೇ ಬಂದ ಅಭ್ಯಾಸ. 1977ರ ಆ ರಾತ್ರಿ ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅವರಿಗೂ ಗ್ರಹವಿಲ್ಲದ ಜಾಗದಲ್ಲಿ ನಕ್ಷತ್ರದ ಬೆಳಕು ಕೆಲವು ಸೆಕೆಂಡು ಇಳಿದದ್ದು ಸಿಕ್ಕಿತು. ಅವರು ಅದನ್ನು ಯುರೇನಸ್ಸಿನ ಹೊಸ ಉಪಗ್ರಹವೆಂದು ತಿಳಿದರು. ಎಲಿಯಟ್ ತಂಡದ 'ಬಳೆಗಳು' ಮತ್ತು ಕಾವಲೂರಿನ 'ಹೊಸ ಉಪಗ್ರಹ' ಎರಡೂ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ, ಕೆಲವೇ ಪುಟಗಳ ಅಂತರದಲ್ಲಿ ಅಚ್ಚಾದವು. ಅದೇ ವರ್ಷ ಭಟ್ಟಾಚಾರ್ಯ ಮತ್ತು ಬಪ್ಪು ಸೇರಿ, ಶನಿಯಂಥದೇ ಬಳೆಗಳು ಯುರೇನಸ್ಸಿಗೂ ಇವೆ ಎಂದು ಅದೇ ಪತ್ರಿಕೆಗೆ ಬರೆದರು.

ನಮ್ಮ ಶಾಲೆಯ ಪುಸ್ತಕಗಳಲ್ಲಿ ಇದು ಇರಲಿಲ್ಲ, ಈಗಲೂ ಇದ್ದಂತಿಲ್ಲ. ಅಮೆರಿಕದವರು ವಿಮಾನದಲ್ಲಿ ಹಾರಿ ಕಂಡದ್ದನ್ನು ಇಲ್ಲಿ ಬಸ್ಸಿನಲ್ಲಿ ಹೋಗಿ ತಲುಪುವ ಬೆಟ್ಟದ ಮೇಲೆ ಕೂತು ಕಂಡಿದ್ದರು ಎಂಬುದು ಮಕ್ಕಳಿಗೆ ತಿಳಿದಿರಬೇಕು. ಅರ್ಥಮಾಡಿಕೊಳ್ಳುವುದರಲ್ಲಿ ಮೊದಲಿಗರು ಎಲಿಯಟ್ ತಂಡದವರು, ಅದರಲ್ಲಿ ಎರಡು ಮಾತಿಲ್ಲ. ಕಂಡದ್ದು ಮಾತ್ರ ಇಬ್ಬರೂ.

ಆಮೇಲೆ ಈ ವಿದ್ಯೆ ಕೈಹಿಡಿಯಿತು. 2013ರಲ್ಲಿ ಶನಿ-ಯುರೇನಸ್‌ಗಳ ನಡುವೆ ಸುತ್ತುವ ಚಾರಿಕ್ಲೋ ಎಂಬ ಸುಮಾರು 250 ಕಿಲೋಮೀಟರಿನ ಪುಟ್ಟ ಕಾಯಕ್ಕೂ ಎರಡು ಬಳೆ ಇರುವುದು ಹೀಗೆಯೇ ಬಯಲಾಯಿತು. ತಂಡದ ಮುಂದಾಳು ಬ್ರೆಜಿಲಿನವರು. ತಮ್ಮ ದೇಶದ ಎರಡು ಗಡಿಗಳಲ್ಲಿ ಹರಿಯುವ ಒಯಪೋಕ್, ಶುಯಿ ನದಿಗಳ ಹೆಸರನ್ನು ಬಳೆಗಳಿಗೆ ಅಡ್ಡಹೆಸರಾಗಿ ಇಟ್ಟುಬಿಟ್ಟರು. ನಮ್ಮವರು ಮೊದಲು ಕಂಡಿದ್ದರೆ ಕಾವೇರಿ ಎಂದಿಟ್ಟು ಅಲ್ಲೂ ನ್ಯಾಯಮಂಡಳಿ ರಚಿಸಬೇಕಾಗುತ್ತಿತ್ತು.

ಮರೆಯಾಗುವ ರೀತಿಯಲ್ಲೂ ಸುದ್ದಿ ಇರುತ್ತದೆ. ಗಾಳಿಯಿಲ್ಲದ ಕಲ್ಲು ಅಡ್ಡ ಬಂದರೆ ನಕ್ಷತ್ರ ಕಡಿದಂತೆ ಆರುತ್ತದೆ. ಗಾಳಿ ಇದ್ದರೆ ಮೆಲ್ಲಗೆ ಮಂಕಾಗಿ ಆಮೇಲೆ ಹೋಗುತ್ತದೆ. 1988ರ ಜೂನ್‌ನಲ್ಲಿ ಅದೇ ಎಲಿಯಟ್, ಅದೇ ವಿಮಾನದಲ್ಲಿ ಹೋಗಿ ಪ್ಲೂಟೋ ಅಡ್ಡ ಬಂದಾಗ ನಕ್ಷತ್ರ ಹೀಗೆ ಮಂಕಾದದ್ದನ್ನು ಕಂಡರು. ಪ್ಲೂಟೋಗೆ ವಾತಾವರಣ ಇದೆ ಎಂದು ಖಚಿತವಾಯಿತು. ಮುಂದೆ ಪ್ಲೂಟೋ ಸೂರ್ಯನಿಂದ ದೂರ ಸರಿಯುತ್ತಿದ್ದರೂ ಆ ಗಾಳಿ ತೆಳುವಾಗದೆ 2015ರ ಹೊತ್ತಿಗೆ ಸುಮಾರು ಮೂರು ಪಟ್ಟಾಯಿತು. ಅಲ್ಲಿಂದೀಚೆಗೆ ಏರದೆ ನಿಂತಿದೆ ಎಂದು ಹೇಳಿದ ಅಳತೆ ಸಿಕ್ಕಿದ್ದು 2020ರ ಜೂನ್ 6ರಂದು, ನಮ್ಮ ನೈನಿತಾಲ್ ಬಳಿಯ ದೇವಸ್ಥಲದ ವೀಕ್ಷಣಾಲಯದಿಂದ. ಅಷ್ಟೆಲ್ಲ ಹೇಳಿಸಿಕೊಂಡ ಆ ಗಾಳಿಯ ಒತ್ತಡ ನಾವು ಉಸಿರಾಡುವ ಗಾಳಿಯದಕ್ಕಿಂತ ಸುಮಾರು 80,000 ಪಟ್ಟು ಕಡಿಮೆ.

ಕಡಿದಂತೆ ಆರುವುದನ್ನು ನೋಡಲು ಮಾತ್ರ ವಿಮಾನ ಬೇಡ, ಲಾರಿ ಬೇಡ, ಚಂದ್ರ ಸಾಕು. ಚಂದ್ರನಿಗೆ ಇಪ್ಪತ್ತೇಳು ಹೆಂಡಿರು, ಆದರೆ ರೋಹಿಣಿಯ ಮನೆಯಲ್ಲೇ ಹೆಚ್ಚು ಇರುತ್ತಿದ್ದ, ಅದಕ್ಕೆ ಮಾವ ದಕ್ಷ ಶಾಪ ಕೊಟ್ಟ ಎಂಬ ಕಥೆ ನಮಗೆಲ್ಲ ಗೊತ್ತು. ಕಥೆ ಕಟ್ಟಿದವರು ಚಂದ್ರ ರೋಹಿಣಿಯನ್ನು ಮರೆಮಾಡುವುದನ್ನು ತಾರಸಿಯಿಂದಲೋ ಹೊಲದಿಂದಲೋ ನೋಡಿಯೇ ಕಟ್ಟಿರಬೇಕು ಎಂದು ನನ್ನ ಗುಮಾನಿ. ನಿಜದಲ್ಲಿ ಈ ಭೇಟಿ ಕೆಲವು ವರ್ಷ ತಿಂಗಳು ತಿಂಗಳೂ ನಡೆದು, ಆಮೇಲೆ ಎಷ್ಟೋ ವರ್ಷ ನಿಂತುಹೋಗುತ್ತದೆ. 2015ರಿಂದ 2018ರವರೆಗೆ ನಡೆದಿತ್ತು. ಮತ್ತೆ ಶುರುವಾಗುವುದು 2033ಕ್ಕೆ. ಶಾಪ ತಟ್ಟಿದ್ದು ಹೀಗೆ ಅಂತಲೂ ಹೇಳಬಹುದು. ಅಲ್ಲಿಯವರೆಗೆ ಆತ ಸುಮ್ಮನಿರುವುದಿಲ್ಲ: ಮಘಾ, ಚಿತ್ತಾ, ಜ್ಯೇಷ್ಠಾ ಇವರ ಸರದಿಯೂ ಇದೆ, ಕೃತ್ತಿಕೆಯ ಗೊಂಚಲಿನ ಮೇಲೆ 2029ರವರೆಗೂ ಹಾದುಹೋಗುತ್ತಿರುತ್ತಾನೆ.

ಯಾವ ದಿನ, ಎಷ್ಟು ಗಂಟೆಗೆ, ನಿಮ್ಮ ಊರಿಗೆ ಕಾಣುತ್ತದೆಯೇ ಎಂಬುದನ್ನು ಮೊಬೈಲಿನ ಆಕಾಶನಕ್ಷೆಯ ಆ್ಯಪುಗಳು ಹೇಳುತ್ತವೆ. ಶುಕ್ಲಪಕ್ಷದ ರಾತ್ರಿಯನ್ನೇ ಆರಿಸಿಕೊಳ್ಳಿ. ಆಗ ನಕ್ಷತ್ರ ಚಂದ್ರನ ಕತ್ತಲೆಯ ಅಂಚಿಗೆ ಬಂದು ಮರೆಯಾಗುತ್ತದೆ, ಬೆಳಕಿನ ಅಂಚಿನಲ್ಲಿ ಅಷ್ಟು ಚೆನ್ನಾಗಿ ಕಾಣದು. ಮಾಮೂಲಿ ಬೈನಾಕ್ಯುಲರ್ ಇದ್ದರೆ ಧಾರಾಳ ಆಯಿತು. ಹತ್ತು ನಿಮಿಷ ಮೊದಲೇ ತಾರಸಿಗೆ ಹೋಗಿ, ಕಾಫಿಯನ್ನು ಕೆಳಗೇ ಕುಡಿದು ಹೋಗಿ. ಲೋಟ ಬಾಯಿಗಿಟ್ಟ ಹೊತ್ತಿನಲ್ಲೇ ಅದು ಆರುತ್ತದೆ.